ಅನ್ನದಾಸೋಹವೂ ಶಿಶುಪೋಷಣೆಯೂ

ಬಾಬಾಬುಡನ್ ಗಿರಿಶ್ರೇಣಿಯ ಅಡಿಯಲ್ಲಿ, ತರೀಕೆರೆಯಿಂದ ಕೆಮ್ಮಣ್ಣುಗುಂಡಿಗೆ ಹೋಗುವ ಮಾರ್ಗದಲ್ಲಿರುವ ಲಿಂಗದಹಳ್ಳಿಯು ಒಂದು ಹೋಬಳಿಯ ಕೇಂದ್ರಸ್ಥಾನವು. ಒಂದು ಕಡೆ ಅಡಕೆಯ ತೋಟ, ಭತ್ತದ ಗದ್ದೆ. ಇನ್ನೊಂದು ಕಡೆ ರಾಗಿಯ ಹೊಲ. ಮಲೆನಾಡು ಮುಗಿದು ಬಯಲುಸೀಮೆ ತೊಡಗುವ ಎಡೆ ಇದು. ಊರಿಗೆ ಮೇಲಾಗಿ ನಿಂತಿರುವ ಬೆಟ್ಟದ ಮಣ್ಣು ಹೆಸರಿಗೆ ತಕ್ಕಂತೆ ಕೆಂಪು. ಆ ಕೆಂಪು ಕಬ್ಬಿಣದ್ದು. 1923ರಲ್ಲಿ ಕೆಲಸಕ್ಕೆ ತೊಡಗಿದ ಭದ್ರಾವತಿಯ ಕಾರ್ಖಾನೆಗೆ ಬೇಕಾದ ಅದಿರು ಈ ಬೆಟ್ಟದಿಂದಲೇ ತಂತಿಹಗ್ಗದ ತೊಟ್ಟಿಗಳಲ್ಲಿ ತಣಿಗೆಬೈಲಿಗೆ ಇಳಿದು, ಅಲ್ಲಿಂದ ರೈಲುಹಾದಿಯಲ್ಲಿ ಸಾಗುತ್ತಿದ್ದಿತು. ಇಂತಹ ಬೆಟ್ಟಗಳಿರುವ ನಾಡಿನಲ್ಲಿ ಮಕ್ಕಳ ರಕ್ತಕ್ಕೆ ಕಬ್ಬಿಣದ ಕೊರತೆಯೆಂದರೆ ಕೇಳಿದವರಿಗೆ ವಿಚಿತ್ರವಾಗಿ ತೋರಬಹುದು. ಆದರೂ ವಿಷಯವು ನಿಜವಾದುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ಆರು ತಿಂಗಳು ಮೊದಲ್ಗೊಂಡು ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65.5 ಮಂದಿ ರಕ್ತಹೀನತೆಯುಳ್ಳವರು, ನೂರಕ್ಕೆ 35.4 ಮಕ್ಕಳು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಇದಕ್ಕೆ ಹಿಂದಿನ 2015–16ರ ಸಮೀಕ್ಷೆಯಲ್ಲಿ ರಕ್ತಹೀನತೆಯು ನೂರಕ್ಕೆ 60.9 ಇದ್ದಿತು. ಅಂದರೆ ಉಣಿಸುವ ಏರ್ಪಾಡುಗಳು ಹೆಚ್ಚಿದ ಕಾಲದಲ್ಲಿಯೇ ಈ ದೋಷವೂ ಹೆಚ್ಚಿತು.

ಅನ್ನವಿಕ್ಕುವುದನ್ನೇ ಧರ್ಮವೆಂದು ತಿಳಿದುಬಂದ ಶರಣ ಪರಂಪರೆಗೆ ಇದು ಉಪೇಕ್ಷಿಸತಕ್ಕ ಮಾತಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಮಹಾಮನೆಯಲ್ಲಿ ನೆಲೆಗೊಂಡ ದಾಸೋಹತತ್ತ್ವವು ದಾನಕ್ಕಿಂತ ಭಿನ್ನವಾದುದು. ದಾನದಲ್ಲಿ ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ. ದಾಸೋಹದಲ್ಲಿ ನೀಡುವವನೇ ದಾಸನು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕೆ ಮೀರಿ ಅಕ್ಕಿಯನ್ನು ಆಯ್ದು ತಂದಾಗ, ಧರ್ಮಪತ್ನಿ ಲಕ್ಕಮ್ಮನವರು ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದ ಕಥೆಯು ಎಲ್ಲ ಭಕ್ತರಿಗೂ ತಿಳಿದುದೇ. ಎಷ್ಟು ಬೇಕು ಎಂಬ ಪ್ರಶ್ನೆಯು ಹೀಗೆ ದಾಸೋಹದ ಮೊದಲ ದಿನಗಳಿಂದಲೂ ಇದ್ದಿತು. ಯಾವುದು ಬೇಕು ಎಂಬ ಪ್ರಶ್ನೆಯಾದರೋ ಬಹಳ ತಡವಾಗಿ ಹುಟ್ಟಿದುದು. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಮಠಗಳು ಹಳ್ಳಿಯ ಬಡ ಹುಡುಗರಿಗಾಗಿ ಉಚಿತ ಪ್ರಸಾದನಿಲಯಗಳನ್ನು ತೆರೆದಾಗ, ಹೊಟ್ಟೆತುಂಬ ಉಣ್ಣಿಸುವುದೇ ಒಂದು ಸಾಹಸವಾಗಿದ್ದಿತು. ಸಿದ್ಧಗಂಗೆಯಲ್ಲಿ ಶ್ರೀ ಉದ್ದಾನ ಶಿವಯೋಗಿಗಳು 1917ರಲ್ಲಿ ಸಂಸ್ಕೃತ ಪಾಠಶಾಲೆಯನ್ನು ಸ್ಥಾಪಿಸಿದರು. 1941ರಲ್ಲಿ ಪೀಠದ ಹೊಣೆಯನ್ನು ಹೊತ್ತ ಶ್ರೀ ಶಿವಕುಮಾರ ಮಹಾಸ್ವಾಮಿಗಳು 2019ರ ಜನವರಿ 21ರಂದು ಲಿಂಗೈಕ್ಯರಾಗುವವರೆಗೂ ಸಾವಿರಾರು ವಿದ್ಯಾರ್ಥಿಗಳಿಗೆ ಮುದ್ದೆ, ಅನ್ನ, ಸಾರುಗಳನ್ನು ನಿತ್ಯವೂ ಉಣ್ಣಿಸಿದರು. ಜಾತಿಮತಗಳ ಎಣಿಕೆಯಿಲ್ಲದೆ ಒಂದೇ ಪಂಕ್ತಿಯಲ್ಲಿ ನಡೆದ ಆ ಊಟದ ಬೆಲೆಯನ್ನು ತೂಕದಿಂದಲೂ ಅಳತೆಯಿಂದಲೂ ನಿರ್ಣಯಿಸಲಾಗದು.

ಅಳತೆಯ ವಿಚಾರವು ಮೈಸೂರು ಸೀಮೆಯಲ್ಲಿ ಸರ್ಕಾರದ ಮುಂದೆ ಬಂದುದು 1876–78ರ ಮಹಾಕ್ಷಾಮದಲ್ಲಿ. ಧಾತು, ಈಶ್ವರ ಸಂವತ್ಸರಗಳ ಆ ಬರದಲ್ಲಿ ಮೈಸೂರಿನ ಜನಸಂಖ್ಯೆಯ ಸುಮಾರು ಐದನೆಯ ಒಂದು ಪಾಲು ನಾಶವಾಯಿತೆಂದು ಗಣನೆ. ಪರಿಹಾರದ ಕೆಲಸಕ್ಕೆ ಬಂದ ಕೂಲಿಗಾರನಿಗೆ ದಿನಕ್ಕೆ ಒಂದು ಪೌಂಡು ಧಾನ್ಯವೂ ಅಲ್ಪ ಕಾಸೂ ಸಾಕೆಂದು ಸರ್ ರಿಚರ್ಡ್ ಟೆಂಪಲ್ ಗೊತ್ತುಮಾಡಿದನು. ಮದರಾಸಿನ ಆರೋಗ್ಯಾಧಿಕಾರಿಯಾಗಿದ್ದ ಡಾಕ್ಟರ್ ಕಾರ್ನಿಷ್ ಇದನ್ನು ಬಲವಾಗಿ ಪ್ರತಿಭಟಿಸಿ, ಬರಿಯ ಧಾನ್ಯವು ದುಡಿಯುವ ದೇಹವನ್ನು ಉಳಿಸದು, ಬೇಳೆಯೂ ಕಾಯಿಪಲ್ಲೆಯೂ ಬೇಕೆಂದು ವಾದಿಸಿದನು. ಆಗ ಇನ್ನೂ ಜೀವಸತ್ವವೆಂಬ ಪದವೇ ಹುಟ್ಟಿರಲಿಲ್ಲ. ಆದರೂ ವೈದ್ಯನ ಕಣ್ಣು ನೋಡಬೇಕಾದುದನ್ನು ನೋಡಿತು; ಲೆಕ್ಕಿಗನ ಕಣ್ಣು ಖಜಾನೆಯನ್ನು ಮಾತ್ರ ನೋಡಿತು.

ಮುಂದೆ ನೀಲಗಿರಿಯ ಕೂನೂರಿನಲ್ಲಿ ಸರ್ ರಾಬರ್ಟ್ ಮೆಕ್ಯಾರಿಸನ್ ನಡೆಸಿದ ಸಂಶೋಧನೆಗಳಿಂದ ಆಹಾರಶಾಸ್ತ್ರಕ್ಕೆ ಈ ದೇಶದಲ್ಲಿ ಅಡಿಪಾಯ ಬಿದ್ದಿತು. ಆತನ ಬಳಿಕ 1935ರಲ್ಲಿ ಆ ಪ್ರಯೋಗಶಾಲೆಯ ಅಧ್ಯಕ್ಷನಾದ ಡಾಕ್ಟರ್ ಏಕ್ರಾಯ್ಡ್ ಭಾರತೀಯ ಆಹಾರವಸ್ತುಗಳ ಗುಣಾಂಶಗಳನ್ನು ಪಟ್ಟಿಮಾಡಿ 1937ರಲ್ಲಿ ಪ್ರಕಟಿಸಿದನು. ಅದೇ ವರ್ಷ ಪ್ರಕಟವಾದ ಇನ್ನೊಂದು ಪ್ರಯೋಗವು ಪ್ರಸಾದನಿಲಯಗಳನ್ನು ನಡೆಸುವವರಿಗೆ ವಿಶೇಷವಾಗಿ ಗಮನಾರ್ಹವಾದುದು. ದಕ್ಷಿಣ ಭಾರತದ ವಿದ್ಯಾರ್ಥಿನಿಲಯಗಳಲ್ಲಿ ಎಂದಿನ ಅನ್ನದ ಊಟ ಮಾಡುತ್ತಿದ್ದ ಮಕ್ಕಳಲ್ಲಿ ಕೆಲವರಿಗೆ ಕೆನೆ ತೆಗೆದ ಹಾಲಿನ ಪುಡಿಯನ್ನು ಕದಡಿ ಪ್ರತಿದಿನವೂ ಕೊಟ್ಟು ನೋಡಲಾಗಿ, ಅವರು ಇತರರಿಗಿಂತ ಎತ್ತರದಲ್ಲಿಯೂ ತೂಕದಲ್ಲಿಯೂ ಮುಂದಾದರು. ಹೊಟ್ಟೆ ತುಂಬಿದ ಮಾತ್ರಕ್ಕೆ ಮಗು ಬೆಳೆಯುವುದೆಂಬ ನಂಬಿಕೆಗೆ ಅಂದೇ ಪೆಟ್ಟುಬಿದ್ದಿತು.

ಏಕ್ರಾಯ್ಡನ ಪಟ್ಟಿಯಲ್ಲಿ ಬಯಲುಸೀಮೆಯವರು ಹೆಮ್ಮೆಪಡತಕ್ಕ ಸಂಗತಿಯೊಂದಿದ್ದಿತು. ಬಡವರ ಧಾನ್ಯವೆನಿಸಿದ ರಾಗಿಯಲ್ಲಿ ಸುಣ್ಣಾಂಶವು ಅಕ್ಕಿ ಗೋಧಿಗಳಿಗಿಂತ ಎಷ್ಟೋ ಪಾಲು ಹೆಚ್ಚು. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಮಿಗೂ ಮಿಕ್ಕಿ ಇರುವುದೆಂದು ಈಚಿನ ಪಟ್ಟಿಗಳೂ ಹೇಳುತ್ತವೆ. ಇದಕ್ಕಿಂತಲೂ ಹೆಚ್ಚಿನ ಮಾತೆಂದರೆ, ಈ ನಾಡಿನ ತಾಯಂದಿರು ಶಾಸ್ತ್ರದ ನೆರವಿಲ್ಲದೆಯೇ ಕಂಡುಕೊಂಡಿದ್ದ ‘ಸರಿ’ಯ ಕ್ರಮ. ರಾಗಿಯನ್ನು ಇರುಳಿಡೀ ನೆನೆಯಿಟ್ಟು, ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಿನಲ್ಲಿ ಒಣಗಿಸಿ, ಮೊಳಕೆಯನ್ನು ಉಜ್ಜಿ ತೆಗೆದು, ಹದವಾಗಿ ಹುರಿದು, ಬೀಸಿ, ತೆಳುಬಟ್ಟೆಯಲ್ಲಿ ಸೋಸಿದ ಹಿಟ್ಟನ್ನು ಕಾಸಿ ಕೂಸಿಗೆ ತಿನ್ನಿಸುವುದು ಮನೆಮನೆಯ ಪದ್ಧತಿ. ಇಷ್ಟೆಲ್ಲ ಶ್ರಮವೇಕೆ ಎಂದು ಕೇಳಿದರೆ ಅಜ್ಜಿಯರು ‘ಅರಗಲಿ ಎಂದು’ ಎನ್ನುವರು. ಆ ಉತ್ತರವು ಸರಿಯಾದುದೇ. ಕೂಸಿನ ಹೊಟ್ಟೆ ಹಿಡಿಯಷ್ಟು. ಮೊಳೆಯಿಸದ ಹಿಟ್ಟನ್ನು ಕಾಸಿದರೆ ಎರಡು ಚಮಚೆ ಹಿಟ್ಟಿಗೇ ಅಂಬಲಿ ಗಟ್ಟಿಯಾಗುವುದು. ಅದನ್ನು ನುಂಗಿಸಲು ತಾಯಿಯು ನೀರನ್ನು ಎರೆಯುವಳು. ಕೂಸಿನ ಹೊಟ್ಟೆ ನೀರಿನಿಂದ ತುಂಬಿ, ಸತ್ವವು ಸ್ವಲ್ಪವೇ ಸೇರುವುದು. ಮೊಳಕೆಯಲ್ಲಿ ಹುಟ್ಟುವ ಕಿಣ್ವವು ಹಿಟ್ಟಿನ ಪಿಷ್ಟವನ್ನು ಒಡೆದು ತೆಳುಮಾಡುವುದರಿಂದ, ಅಷ್ಟೇ ನೀರಿನಲ್ಲಿ ಹೆಚ್ಚು ಹಿಟ್ಟನ್ನು ಹಾಕಿದರೂ ಕೂಸು ಸುಲಭವಾಗಿ ನುಂಗಬಲ್ಲದು. ಅದೂ ಅಲ್ಲದೆ, ಕಬ್ಬಿಣವನ್ನು ಕರುಳು ಹೀರದಂತೆ ಕಟ್ಟಿಹಾಕುವ ಫೈಟೇಟ್ ಎಂಬ ವಸ್ತುವೂ ಮೊಳಕೆಯಿಂದ ಕಡಮೆಯಾಗುವುದು. ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯದ ವಿಜ್ಞಾನಿಗಳಾದ ಎನ್. ಜಿ. ಮಲ್ಲೇಶಿ ಮತ್ತು ಎಚ್. ಎಸ್. ಆರ್. ದೇಶಿಕಾಚಾರ್ ಅವರು ಮೊಳೆತ ರಾಗಿಗೆ ಮೊಳೆತ ಹೆಸರನ್ನು ಕೂಡಿಸಿದ ಶಿಶುವಿನ ಆಹಾರವೊಂದನ್ನು ರೂಪಿಸಿ 1982ರಲ್ಲಿ ಪ್ರಕಟಿಸಿದರು. ಅಡುಗೆಮನೆಯ ಜ್ಞಾನವು ಪ್ರಯೋಗಶಾಲೆಯಲ್ಲಿ ಗೌರವವನ್ನು ಪಡೆದ ಅಪರೂಪದ ಪ್ರಸಂಗವಿದು.

ಆ ಸಂಶೋಧನಾಲಯವು 1950ರ ಅಕ್ಟೋಬರಿನಲ್ಲಿ ಮೈಸೂರಿನ ಚೆಲುವಾಂಬ ವಿಲಾಸ ಸೌಧದಲ್ಲಿ ಪ್ರಾರಂಭವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನಮಂದಿರದಲ್ಲಿ ಕೆಲಸಮಾಡಿದ್ದ ಡಾಕ್ಟರ್ ವಿ. ಸುಬ್ರಹ್ಮಣ್ಯನ್ ಅದರ ಮೊದಲ ನಿರ್ದೇಶಕರು. ಅಂದಿನ ವಿದ್ವಾಂಸರೆಲ್ಲರ ಮನಸ್ಸನ್ನು ಆವರಿಸಿದ್ದುದು ಸಸಾರಜನಕದ, ಎಂದರೆ ಈಗ ಪ್ರೋಟೀನ್ ಎನ್ನುವ ಅಂಶದ, ಕೊರತೆ. ಕಡಲೆಕಾಯಿಯ ಎಣ್ಣೆ ತೆಗೆದ ಹಿಂಡಿಯ ಹಿಟ್ಟು ಮೂರು ಪಾಲು, ಕಡಲೆಯ ಹಿಟ್ಟು ಒಂದು ಪಾಲು, ಅದಕ್ಕೆ ಜೀವಸತ್ವಗಳೂ ಸುಣ್ಣಾಂಶವೂ ಸೇರಿ ‘ಬಹೂಪಯೋಗಿ ಆಹಾರ’ವು ಸಿದ್ಧವಾಯಿತು. ಸಾರಿಗೆ, ಹಿಟ್ಟಿಗೆ, ಉಪ್ಪಿಟ್ಟಿಗೆ ಸ್ವಲ್ಪ ಬೆರೆಸಿದರೆ ಸಾಕು ಎಂಬುದು ಅದರ ಉದ್ದೇಶ. ಅಗ್ಗವಾಗಿ ದೊರೆಯುವ ನಾಡಿನ ಪದಾರ್ಥದಿಂದಲೇ ಮಾಡಿದುದು ಅದರ ದೊಡ್ಡ ಗುಣ. ಆದರೆ 1960ರಲ್ಲಿ ಇಂಗ್ಲೆಂಡಿನಲ್ಲಿ ಕಡಲೆಕಾಯಿ ಹಿಂಡಿಯನ್ನು ತಿಂದ ಟರ್ಕಿ ಕೋಳಿಗಳು ಲಕ್ಷಗಟ್ಟಲೆ ಸತ್ತು, ಬೂಷ್ಟಿನಿಂದ ಹುಟ್ಟುವ ಅಫ್ಲಟಾಕ್ಸಿನ್ ಎಂಬ ವಿಷವು ಪತ್ತೆಯಾಯಿತು. ಆ ಮೇಲೆ ಕಡಲೆಕಾಯಿ ಹಿಟ್ಟನ್ನು ಪರೀಕ್ಷೆಯಿಲ್ಲದೆ ಮಕ್ಕಳಿಗೆ ಕೊಡುವುದು ಸಾಧ್ಯವಿಲ್ಲದಾಯಿತು.

ಅದೇ ದಶಕದಲ್ಲಿ ಶಾಲೆಗಳಿಗೆ ಅಮೆರಿಕದ ‘ಕೇರ್’ ಸಂಸ್ಥೆಯ ಮೂಲಕ ಗೋಧಿಯ ನುಚ್ಚೂ ಹಾಲಿನ ಪುಡಿಯೂ ಬಂದವು. ಆ ಉಪ್ಪಿಟ್ಟಿನ ರುಚಿಯನ್ನು ಅಂದಿನ ಮಕ್ಕಳು ಮುದುಕರಾದ ಮೇಲೂ ಮರೆತಿಲ್ಲ. ಆದರೆ ಕೆನೆ ತೆಗೆದ ಹಾಲಿನಲ್ಲಿ ಕೆನೆಯೊಡನೆ ‘ಎ’ ಜೀವಸತ್ವವೂ ಹೋಗಿರುತ್ತದೆ. ಆ ಜೀವಸತ್ವದ ದಾಸ್ತಾನಿಲ್ಲದ ಕೃಶ ಮಗುವಿಗೆ ಇಂತಹ ಹಾಲನ್ನು ಕೊಟ್ಟು ಬೆಳವಣಿಗೆಯನ್ನು ಚುರುಕುಗೊಳಿಸಿದರೆ, ಉಳಿದಿದ್ದ ಸ್ವಲ್ಪವೂ ವೆಚ್ಚವಾಗಿ ಕಣ್ಣಿಗೇ ಅಪಾಯವಾಗುವುದೆಂದು ವೈದ್ಯರು ಕಂಡುಕೊಂಡರು; ಆ ಬಳಿಕ ಪುಡಿಗೆ ‘ಎ’ ಮತ್ತು ‘ಡಿ’ ಜೀವಸತ್ವಗಳನ್ನು ಸೇರಿಸುವ ಪದ್ಧತಿ ಬಂದಿತು. ಇರುಳುಗಣ್ಣನ್ನು ತಡೆಯಲು 1970ರಲ್ಲಿ ಭಾರತ ಸರ್ಕಾರವು ಮಕ್ಕಳಿಗೆ ಆರು ತಿಂಗಳಿಗೊಮ್ಮೆ ಈ ಜೀವಸತ್ವದ ದೊಡ್ಡ ಪ್ರಮಾಣವನ್ನು ಬಾಯಿಗೆ ಹಾಕುವ ಕಾರ್ಯಕ್ರಮವನ್ನು ಆರಂಭಿಸಿತು. ಸಸಾರಜನಕದ ಮೇಲಿನ ಮೋಹವೂ ಹೆಚ್ಚು ಕಾಲ ಉಳಿಯಲಿಲ್ಲ. ಹೈದರಾಬಾದಿನ ಡಾಕ್ಟರ್ ಸಿ. ಗೋಪಾಲನ್, ಪುಣೆಯ ಪಿ. ವಿ. ಸುಖಾತ್ಮೆ ಮೊದಲಾದವರು, ಎಂದಿನ ಧಾನ್ಯ ಬೇಳೆಗಳ ಊಟವೇ ಸಾಕಷ್ಟು ದೊರೆತರೆ ಸಸಾರಜನಕವೂ ಬಹುಮಟ್ಟಿಗೆ ದೊರೆಯುವುದೆಂದೂ, ಬಡ ಮಗುವಿಗೆ ಮೊದಲು ಊಟವೇ ಸಾಲದಾಗಿದೆಯೆಂದೂ ತೋರಿಸಿಕೊಟ್ಟರು.

ಹೊರಗಿನಿಂದ ಬೆರೆಸಿದ ವಸ್ತುವು ನಿಸ್ಸಂದೇಹವಾಗಿ ಗೆದ್ದುದು ಒಂದೇ ಪದಾರ್ಥದಲ್ಲಿ, ಅದು ಉಪ್ಪಿನಲ್ಲಿ. ಈ ಗೆಲುವು ಮಲೆನಾಡಿಗೆ ನೇರವಾಗಿ ಸಂಬಂಧಿಸಿದುದು. ಮಳೆಯು ಸಾವಿರಾರು ವರ್ಷಗಳಿಂದ ಬೆಟ್ಟದ ಮಣ್ಣನ್ನು ತೊಳೆದು ಅಯೋಡಿನ್ ಅಂಶವನ್ನು ಕಡಲಿಗೆ ಸೇರಿಸಿರುವುದರಿಂದ, ಅಲ್ಲಿಯ ನೀರಿನಲ್ಲಿಯೂ ಬೆಳೆಯಲ್ಲಿಯೂ ಅದು ಸಾಲದು. ಚಿಕ್ಕಮಗಳೂರು, ಕೊಡಗು ಮೊದಲಾದವು ಗಳಗಂಡದ ಬಾಧೆಯುಳ್ಳ ಜಿಲ್ಲೆಗಳೆಂದು ಸಮೀಕ್ಷೆಗಳಲ್ಲಿ ಗುರುತಿಸಲ್ಪಟ್ಟವು. ಕೊರಳಿನ ಗಂಟು ಕಣ್ಣಿಗೆ ಕಾಣುವ ಲಕ್ಷಣ ಮಾತ್ರ. ಬಸಿರಿಯಲ್ಲಿ ಅಯೋಡಿನ್ ಕಡಮೆಯಾದರೆ ಹುಟ್ಟುವ ಕೂಸಿನ ಬುದ್ಧಿಯೇ ಮಂದವಾಗುವುದು, ಕೆಲವು ವೇಳೆ ಕಿವಿ ಮಾತುಗಳೂ ಇಲ್ಲವಾಗುವುವು. ಹಿಮಾಲಯದ ಕಾಂಗಡಾ ಕಣಿವೆಯಲ್ಲಿ ಡಾಕ್ಟರ್ ವಿ. ರಾಮಲಿಂಗಸ್ವಾಮಿ ಮತ್ತು ಅವರ ಸಂಗಡಿಗರು 1956ರಿಂದ ಅಯೋಡಿನ್ ಬೆರೆಸಿದ ಉಪ್ಪನ್ನು ಹಂಚಿ, ಕೆಲವೇ ವರ್ಷಗಳಲ್ಲಿ ಗಳಗಂಡವು ಇಳಿದುದನ್ನು ತೋರಿಸಿದರು. 1962ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವು ಆರಂಭವಾಯಿತು. ಆದರೂ ಹಳ್ಳಿಯ ಅಂಗಡಿಗಳಲ್ಲಿ ಹರಳುಪ್ಪಿನ ಮೂಟೆಯು ಬಹುಕಾಲ ಕದಲಲಿಲ್ಲ. ಅಯೋಡಿನ್ ಇಲ್ಲದ ಉಪ್ಪನ್ನು ಊಟಕ್ಕಾಗಿ ಮಾರಬಾರದೆಂಬ ನಿಷೇಧವು 1998ರಲ್ಲಿ ದೇಶಕ್ಕೆಲ್ಲ ಜಾರಿಗೆ ಬಂದು, 2000ದಲ್ಲಿ ತೆಗೆಯಲ್ಪಟ್ಟು, 2006ರ ಮೇ ತಿಂಗಳಲ್ಲಿ ಪುನಃ ಸ್ಥಿರವಾಯಿತು. ಉಪ್ಪು ಗೆದ್ದ ಕಾರಣವು ಸರಳವಾದುದು. ಬಡವನೂ ಬಲ್ಲಿದನೂ ಅದನ್ನು ಕೊಳ್ಳುವರು. ಹೆಚ್ಚು ತಿನ್ನಲು ಯಾರಿಂದಲೂ ಆಗದು. ಅಯೋಡಿನ್ ಸೇರಿದರೆ ಬಣ್ಣವೂ ರುಚಿಯೂ ಕೆಡುವುದಿಲ್ಲ. ತಾಯಿಯು ಹೊಸದಾಗಿ ಏನನ್ನೂ ಕಲಿಯಬೇಕಾಗಿಲ್ಲ.

ಉಣಿಸುವ ಏರ್ಪಾಡು ಸರ್ಕಾರದ ಕೈಗೆ ಬಂದ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. 1975ರ ಅಕ್ಟೋಬರ್ 2ರಂದು ದೇಶದ 33 ಎಡೆಗಳಲ್ಲಿ ಶಿಶು ಅಭಿವೃದ್ಧಿ ಯೋಜನೆಯು ಆರಂಭವಾದಾಗ, ಕರ್ನಾಟಕಕ್ಕೆ ದೊರೆತ ಎಡೆ ತಿರುಮಕೂಡಲು ನರಸೀಪುರ. ಅಲ್ಲಿಂದ ಅಂಗನವಾಡಿಗಳು ಎಲ್ಲ ತಾಲ್ಲೂಕುಗಳಿಗೂ ಹಬ್ಬಿದವು. 1995ರಿಂದ ಶಾಲೆಯ ಮಗುವಿಗೆ ತಿಂಗಳಿಗೆ 3 ಕಿಲೋ ಧಾನ್ಯವನ್ನು ಕೊಡುವ ಕ್ರಮವಿದ್ದಿತು. ಚೀಲವು ಮನೆಗೆ ಹೋಗಿ ಮನೆಮಂದಿಯಲ್ಲಿ ಹಂಚಿಹೋಗುತ್ತಿದ್ದಿತು. 2001ರ ನವೆಂಬರ್ 28ರಂದು ಸರ್ವೋಚ್ಚ ನ್ಯಾಯಾಲಯವು ಬೇಯಿಸಿದ ಊಟವನ್ನೇ ಕೊಡಬೇಕೆಂದು ಆಜ್ಞಾಪಿಸಿತು. 2002ರ ಜೂನ್ ತಿಂಗಳಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ಮೊದಲಾದ ಯೋಜನೆಗೆ ಕರ್ನಾಟಕ ಸರ್ಕಾರವು ಇಟ್ಟ ಹೆಸರು ‘ಅಕ್ಷರ ದಾಸೋಹ’. ಶರಣರ ಮಾತನ್ನು ಎರವಲು ಪಡೆದವರು ಅದರ ಅರ್ಥವನ್ನೂ ಪಡೆದರೆ ಎಂಬುದು ಬೇರೆ ಪ್ರಶ್ನೆ. ಅಡುಗೆಯಾಕೆಯ ಜಾತಿಯನ್ನು ನೋಡಿ ಮಕ್ಕಳನ್ನು ಊಟಕ್ಕೆ ಕೂರಿಸದ ಊರುಗಳ ಸುದ್ದಿಯು ಆ ಬಳಿಕ ಹಲವು ಸಲ ಪತ್ರಿಕೆಗಳಲ್ಲಿ ಬಂದಿದೆ.

ಕಬ್ಬಿಣದ ವಿಷಯವು ಉಪ್ಪಿನಷ್ಟು ಸುಲಭವಾಗಲಿಲ್ಲ. ಹಿಂದೆ ಅಡಕೆಯ ತೋಟದ ತೇವದ ನೆಲದಲ್ಲಿ ಬರಿಗಾಲಿನಲ್ಲಿ ನಡೆದವರಿಗೆ ಕೊಕ್ಕೆಹುಳು ತಗಲಿ ಕರುಳಿನಲ್ಲಿ ರಕ್ತವನ್ನು ಹೀರುತ್ತಿದ್ದಿತು. ಮಲೆನಾಡಿನ ಚಳಿಜ್ವರವು ರಕ್ತಕಣಗಳನ್ನೇ ಒಡೆಯುತ್ತಿದ್ದಿತು. ಚಳಿಜ್ವರವು ಬಹಳ ಮಟ್ಟಿಗೆ ಅಡಗಿದೆ. ಹುಳುವಿಗೆ 2015ರಿಂದ ಶಾಲೆ ಅಂಗನವಾಡಿಗಳಲ್ಲಿ ಮಾತ್ರೆಯನ್ನು ಕೊಡುವ ದಿನವು ಗೊತ್ತಾಗಿದೆ. ಸೊಪ್ಪು ಧಾನ್ಯಗಳ ಕಬ್ಬಿಣವನ್ನು ದೇಹವು ಸ್ವಲ್ಪವೇ ಹೀರುವುದು. ಊಟದೊಡನೆ ನಿಂಬೆ ನೆಲ್ಲಿಗಳಿದ್ದರೆ ಹೆಚ್ಚು, ಊಟದ ಬೆನ್ನಿಗೇ ಕಾಫಿ ಚಹಗಳನ್ನು ಕುಡಿದರೆ ಕಡಮೆ. ಬಾಬಾಬುಡನ್ ಗಿರಿಯ ಸೀಮೆಯಲ್ಲಿ ಈ ಕಡೆಯ ಮಾತು ಯಾರಿಗೂ ಪ್ರಿಯವಾಗಲಾರದು. 2021ರ ಆಗಸ್ಟ್ 15ರಂದು ಪ್ರಧಾನಮಂತ್ರಿಗಳು ಘೋಷಿಸಿದ ‘ಸಾರವರ್ಧಿತ ಅಕ್ಕಿ’ಯು ಮೊದಲು ಅಂಗನವಾಡಿ ಶಾಲೆಗಳಿಗೂ, 2024ರ ಮಾರ್ಚ್ ವೇಳೆಗೆ ಎಲ್ಲ ಪಡಿತರಕ್ಕೂ ಬಂದಿತು. ಅಕ್ಕಿಯ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ‘ಬಿ12’ ಜೀವಸತ್ವಗಳನ್ನು ಕಲಸಿ, ಯಂತ್ರದಲ್ಲಿ ಅಕ್ಕಿಯ ರೂಪಕ್ಕೆ ಒತ್ತಿದ ಕಾಳುಗಳನ್ನು ನೂರಕ್ಕೆ ಒಂದರಂತೆ ಬೆರೆಸುವರು. ಅಕ್ಕಿಯನ್ನು ಆರಿಸುವ ಗೃಹಿಣಿಯು ಬಣ್ಣ ಬೇರೆಯಾದ ಆ ಕಾಳನ್ನು ‘ಪ್ಲಾಸ್ಟಿಕ್ ಅಕ್ಕಿ’ ಎಂದು ಭಾವಿಸಿ ಆಯ್ದು ಎಸೆದುದು ಅನೇಕ ಊರುಗಳಲ್ಲಿ ನಡೆಯಿತು. ಆಕೆಯನ್ನು ನಗುವುದು ಉಚಿತವಲ್ಲ. ಹೇಳಿಕೊಡದೆ ಕೊಟ್ಟವರದು ತಪ್ಪು. ನಾನಾ ದೇಶಗಳ ಪ್ರಯೋಗಗಳನ್ನು ತೂಗಿನೋಡಿದ 2019ರ ಕಾಕ್ರೇನ್ ಪರಿಶೀಲನೆಯಂತೂ, ಇಂತಹ ಅಕ್ಕಿಯಿಂದ ಕಬ್ಬಿಣದ ಕೊರತೆಯು ತಗ್ಗಬಹುದಾದರೂ ರಕ್ತಹೀನತೆಯ ಮೇಲೆ ಆಗುವ ಪರಿಣಾಮವು ಅಲ್ಪ, ಅಥವಾ ಇಲ್ಲವೆಂದೇ ಹೇಳಿತು. ನೂರರಲ್ಲಿ ಒಂದು ಕಾಳಿನ ಮೇಲೆ ಭಾರವನ್ನೆಲ್ಲ ಹೊರಿಸಿ, ಉಳಿದ ತೊಂಬತ್ತೊಂಬತ್ತರ ಪಕ್ಕದಲ್ಲಿ ಬೇಳೆ, ಸೊಪ್ಪು, ಹಾಲುಗಳಿವೆಯೇ ಎಂದು ನೋಡದಿರುವುದು ವಿವೇಕವೆನಿಸದು.

ಹಾಲಿನ ಮಾತು ಬಂದಲ್ಲಿ ಅಜ್ಜಂಪುರದ ಅಮೃತಮಹಲ್ ಕಾವಲನ್ನು ನೆನೆಯದಿರಲಾಗದು. ಅಮೃತದ ಹೆಸರಿನ ಆ ತಳಿಯು ದುಡಿಮೆಗೂ ವೇಗಕ್ಕೂ ಪ್ರಸಿದ್ಧವೇ ಹೊರತು ಹಾಲಿಗಲ್ಲ. ಬಡ ಮಗುವಿನ ಲೋಟಕ್ಕೆ ಹಾಲು ಬಂದುದು ಸಹಕಾರ ಸಂಘಗಳ ಮೂಲಕ. 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯದಲ್ಲಿ 18 ಗ್ರಾಂ ಕೆನೆಸಹಿತ ಪುಡಿಯಿಂದ 150 ಮಿಲಿಲೀಟರು ಹಾಲನ್ನು ಮೊದಲು ವಾರಕ್ಕೆ ಮೂರು ದಿನ, 2017ರಿಂದ ಐದು ದಿನ ಕೊಡಲಾಯಿತು. 2024ರ ಫೆಬ್ರವರಿಯಲ್ಲಿ ಅದರೊಡನೆ ರಾಗಿಯ ಹಿಟ್ಟನ್ನೂ ಸೇರಿಸಿ ವಾರಕ್ಕೆ ಮೂರು ದಿನ ಗಂಜಿಯಾಗಿ ಕೊಡುವ ಏರ್ಪಾಡಾಯಿತು.

ಈ ನಡುವೆ ಎದ್ದ ವಿವಾದವು ಮಠಗಳ ಬಾಗಿಲಿಗೇ ಬಂದಿತು. 2021ರ ಡಿಸೆಂಬರಿನಲ್ಲಿ ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ ಜಿಲ್ಲೆಗಳ ಶಾಲಾಮಕ್ಕಳಿಗೆ ಮೊಟ್ಟೆಯನ್ನು ಕೊಡಲಾರಂಭಿಸಿದಾಗ, ಒಲ್ಲದವರಿಗೆ ಬಾಳೆಹಣ್ಣೆಂಬ ನಿಯಮವಿದ್ದರೂ, ಹಲವು ಮಠಾಧೀಶರು ವಿರೋಧಿಸಿದರು. ಒಂದೇ ಪಂಕ್ತಿಯಲ್ಲಿ ಭೇದವನ್ನು ತಂದಂತಾಗುವುದೆಂಬುದು ಅವರ ಒಂದು ಆಕ್ಷೇಪವು. ಮುಂದಿನ ಶಾಲಾವರ್ಷದಲ್ಲಿ ಅದು ರಾಜ್ಯಕ್ಕೆಲ್ಲ ವಿಸ್ತರಿಸಿತು; ಬಾಳೆಹಣ್ಣಿನೊಡನೆ ಕಡಲೆಕಾಯಿ ಚಿಕ್ಕಿಯೂ ಸೇರಿತು. ಮೊಟ್ಟೆ ಕೊಟ್ಟ ಯಾದಗಿರಿಯ ಮಕ್ಕಳನ್ನು ಕೊಡದ ಗದಗಿನ ಮಕ್ಕಳೊಡನೆ ಹೋಲಿಸಿದ ಅಧ್ಯಯನದಲ್ಲಿ, ಯಾದಗಿರಿಯವರ ತೂಕವು ಹೆಚ್ಚು ಏರಿದುದು ಕಂಡುಬಂದಿತು. ಮಠದ ಆಚಾರಕ್ಕೆ ಮೊಟ್ಟೆಯು ಸಲ್ಲದೆಂಬುದರಲ್ಲಿ ಎರಡು ಮಾತಿಲ್ಲ. ತಿನ್ನುವ ಮನೆಯ ಮಗುವಿನ ತಟ್ಟೆಯಿಂದ ಅದನ್ನು ತೆಗೆಸುವ ಅಧಿಕಾರವು ಆ ಆಚಾರದಿಂದ ಬರುವುದೇ ಎಂಬುದು ವಿಚಾರಣೀಯ. ತಿನ್ನದ ಮಗುವಿನ ಪಾಲಿಗಾದರೋ ಲೆಕ್ಕವನ್ನು ನೇರವಾಗಿ ನೋಡಲೇಬೇಕು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಸಸಾರಜನಕವೂ ‘ಬಿ12’ ಜೀವಸತ್ವವೂ ಉಂಟು. ಒಂದು ಬಾಳೆಹಣ್ಣಿನಲ್ಲಿ ಸಸಾರಜನಕವು ಸುಮಾರು 1 ಗ್ರಾಂ, ‘ಬಿ12’ ಇಲ್ಲವೇ ಇಲ್ಲ. 150 ಮಿಲಿಲೀಟರು ಹಾಲಿನಲ್ಲಿ ಸುಮಾರು 4.5 ಗ್ರಾಂ ಸಸಾರಜನಕವಿದ್ದು ‘ಬಿ12’ ಸಹ ಇರುವುದು. ಒಂದು ಹಿಡಿ ಕಡಲೆಕಾಯಿಯಲ್ಲಿ ಮೊಟ್ಟೆಯಷ್ಟೇ ಸಸಾರಜನಕವಿರುವುದು. ಎಂದರೆ ಮೊಟ್ಟೆಯಿಲ್ಲದ ಪಂಕ್ತಿಯಲ್ಲಿ ಶಾಲೆಯ ಲೋಟದ ಜೊತೆಗೆ ಇನ್ನೊಂದು ಲೋಟ ಹಾಲು ಅಥವಾ ಮಜ್ಜಿಗೆ, ಮೊಳೆತ ಹುರಳಿ ಹೆಸರುಗಳ ಉಸುಲಿ, ಒಂದು ಹಿಡಿ ಹುರಿದ ಕಡಲೆಕಾಯಿ, ಎಲೆಯ ತುದಿಗೆ ನೆಲ್ಲಿಯ ಉಪ್ಪಿನಕಾಯಿ ಪ್ರತಿದಿನವೂ ಇರಬೇಕಾಗುವುದು. ಅದರ ವೆಚ್ಚವು ಒಂದು ಮೊಟ್ಟೆಯ ವೆಚ್ಚಕ್ಕಿಂತ ಹೆಚ್ಚು. ಆ ಹೆಚ್ಚಿನ ವೆಚ್ಚವನ್ನು ಸರ್ಕಾರವು ಬಾಳೆಹಣ್ಣಿನ ಲೆಕ್ಕದಲ್ಲಿ ಕೊಡಲಾರದು. ಮಠಗಳ ಉಗ್ರಾಣಗಳೂ ಭಕ್ತರ ಕಣಗಳೂ ಕೊಡಬಲ್ಲವು.